ಪೋರ್ಷೆ 944 (1980ರ ದಶಕದ ಸ್ಪೋರ್ಟ್ಸ್ ಕಾರ್) ತಗೊಂಡು ಹತ್ತಾರು ವರ್ಷ ಇಟ್ಕೋಬಹುದಾ? ಮೇಂಟೆನೆನ್ಸ್ ಕೈ ಸುಡುತ್ತಾ?

ಇಟ್ಕೋಬಹುದು, ಆದ್ರೆ ಬೆಲ್ಟ್ ವಿಷಯದಲ್ಲಿ ಸೋಮಾರಿತನ ಮಾಡೋರಿಗೆ ಈ ಕಾರ್ ಬೇಡ. ಎಂಜಿನ್ ಮುಂದುಗಡೆ ಎರಡು ಬೆಲ್ಟ್ ಇರ್ತವೆ, ಒಂದು ವಾಲ್ವ್ ತೆಗೆದು ಮುಚ್ಚೋ ಕ್ಯಾಮ್‌ಶಾಫ್ಟ್‌ಗೆ (ಇದೇ ಟೈಮಿಂಗ್ ಬೆಲ್ಟ್), ಇನ್ನೊಂದು ಎಂಜಿನ್ ನಡುಕ ಕಡಿಮೆ ಮಾಡೋ ಬ್ಯಾಲೆನ್ಸ್ ಶಾಫ್ಟ್‌ಗಳಿಗೆ, ಟೈಮಿಂಗ್ ಬೆಲ್ಟ್ ಕಟ್ ಆಯ್ತು ಅಂದ್ರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದಿ ವಾಲ್ವ್ ಬೆಂಡ್ ಆಗುತ್ತೆ, ಎಂಜಿನ್ ಮೇಲಿನ ಹೆಡ್ ಬಿಚ್ಚದೆ ಬೇರೆ ದಾರಿ ಇಲ್ಲ. ಕಾರ್ ಸುಮ್ನೆ ಶೆಡ್ಡಲ್ಲೇ ನಿಂತಿದ್ರೂ ರಬ್ಬರ್‌ಗೆ ವಯಸ್ಸಾಗುತ್ತೆ, ಹಾಗಾಗಿ ಬರೀ ಕಿಲೋಮೀಟರ್ ನೋಡ್ಬೇಡಿ, ನಾಲ್ಕೈದು ವರ್ಷಕ್ಕೊಮ್ಮೆ ಬದಲಾಯಿಸಿ, ವಾಟರ್ ಪಂಪ್‌ನೂ ಅವಾಗ್ಲೇ ನೋಡ್ಬಿಡಿ. ಹಳೇ ಫ್ಯೂಯಲ್ ಹೋಸ್ ಕೂಡ ಹಾಗೇನೇ, ಬಿರುಕು ಬಿಟ್ರೆ ಬೆಂಕಿ ಹತ್ಕೋಬಹುದು.

ಸ್ಟಾರ್ಟರ್ ತಿರುಗುತ್ತೆ ಆದ್ರೆ ಎಂಜಿನ್ ಹತ್ತಲ್ಲ, ಸ್ವಲ್ಪ ಹೊತ್ತು ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ ಅಂದ್ರೆ ಮೊದ್ಲು ಡಿಎಂಇ ರಿಲೇ (ಎಂಜಿನ್ ಕಂಪ್ಯೂಟರ್‌ಗೂ ಫ್ಯೂಯಲ್ ಪಂಪ್‌ಗೂ ಕರೆಂಟ್ ಕೊಡೋ ಸ್ವಿಚ್) ಮೇಲೆ ಡೌಟ್ ಪಡಿ. ಒಳಗಿನ ಸೋಲ್ಡರ್ ಬಿರುಕು ಬಿಟ್ಟಿರುತ್ತೆ ಅಷ್ಟೇ. ಗ್ಲೋವ್‌ಬಾಕ್ಸಲ್ಲಿ ಒಂದು ಸ್ಪೇರ್ ಇಟ್ಕೊಳ್ಳಿ.

ಕ್ಲಚ್ ಪ್ಲೇಟ್ ದೊಡ್ಡ ವಿಷ್ಯ ಅಲ್ಲ, ಲೇಬರ್ರೇ ಜಾಸ್ತಿ. ಗೇರ್‌ಬಾಕ್ಸ್ ಹಿಂದಿನ ಆಕ್ಸಲ್ ಹತ್ರ ಇರೋದ್ರಿಂದ ಎಕ್ಸಾಸ್ಟ್, ಗೇರ್‌ಬಾಕ್ಸ್, ಎಂಜಿನ್ನಿಂದ ಗೇರ್‌ಬಾಕ್ಸ್‌ವರೆಗಿನ ಶಾಫ್ಟ್ ಇರೋ ಟಾರ್ಕ್ ಟ್ಯೂಬ್ ಎಲ್ಲಾ ಸರಿಸ್ಬೇಕು. (ಆದ್ರೆ ತಿರುವಲ್ಲಿ ಕಾರ್ ಅಷ್ಟು ಚೆನ್ನಾಗಿ ಕೂರೋದೂ ಇದೇ ಕಾರಣಕ್ಕೆ, ತೂಕ ಹಿಂದೆ ಮುಂದೆ ಹೆಚ್ಚುಕಡಿಮೆ ಸಮ ಇದೆ.) ಬಾಡಿ ಗ್ಯಾಲ್ವನೈಸ್ಡ್ (ಸತುವಿನ ಲೇಪ ಇರೋದು), ಆ ಕಾಲದ ಬೇರೆ ಕಾರುಗಳಷ್ಟು ತುಕ್ಕು ಹಿಡಿಯಲ್ಲ.

ತಗೊಳ್ಳೋವಾಗ ಪೇಂಟ್ ಹೊಳಪು ನೋಡಿ ಮರುಳಾಗೋದಕ್ಕಿಂತ ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ, ಬಿಲ್ ಇಲ್ಲ ಅಂದ್ರೆ ಬದಲಾಯಿಸೇ ಇಲ್ಲ ಅಂತ ಲೆಕ್ಕ ಹಾಕಿ ರೇಟ್ ಮಾತಾಡಿ.