ಪ್ರತಿಕ್ರಿಯೆ: 10 ದಿನಕ್ಕೇ ಮಾತ್ರೆ ನಿಲ್ಲಿಸಬೇಡಿ

ನಿಮ್ಮ ತಮ್ಮ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಏಳ್ತಿಲ್ಲ, ಡಿಪ್ರೆಶನ್ ಅಂತ ಡಾಕ್ಟ್ರು ಕೊಟ್ಟ ಮಾತ್ರೆ 10 ದಿನ ತಗೊಂಡ್ರೂ ಏನೂ ಗುಣ ಇಲ್ಲ, ಅಮ್ಮ ಬರೀ ಸೋಮಾರಿತನ ಅಂತಾರೆ, ನಿಲ್ಲಿಸಿಬಿಡ್ಲಾ ಅಂತ ಕೇಳಿದೀರಲ್ಲ, ದಯವಿಟ್ಟು ನಿಲ್ಲಿಸಬೇಡಿ. ಇದು ತಲೆನೋವಿನ ಮಾತ್ರೆ ಥರ ಅಲ್ಲ, ಗುಣ ಕಾಣೋಕೆ ಸಾಮಾನ್ಯವಾಗಿ 2ರಿಂದ 4 ವಾರನಾದ್ರೂ ಬೇಕು, ಅದಕ್ಕಿಂತ ಮೊದಲು ಹೊಟ್ಟೆ ತೊಳೆಸೋದು, ನಿದ್ದೆ ಏರುಪೇರು ಇಂಥವೇ ಕಾಣ್ಬಹುದು, ಡಾಕ್ಟ್ರಿಗೆ ಹೇಳಿ, ಆದ್ರೆ ನೀವಾಗೇ ಬಿಡ್ಸಬೇಡಿ.

ನಮ್ಮಕ್ಕನಿಗೆ ಆದಾಗ ನಾವೂ ಎದ್ದು ಓಡಾಡು ಸರಿಹೋಗುತ್ತೆ ಅಂತಾನೇ ಹೇಳ್ತಿದ್ವಿ. ಬಕೆಟ್ ಬಿಸಿನೀರು ಆರಿ ತಣ್ಣಗಾದ್ರೂ ಬಾತ್‌ರೂಮ್ ಬಾಗಿಲಲ್ಲೇ ಟವೆಲ್ ಹಿಡ್ಕೊಂಡು ನಿಂತಿರೋಳು. ಸೋಮಾರಿಗೆ ಮಲಗಿದ್ರೆ ಖುಷಿನಾದ್ರೂ ಇರುತ್ತೆ, ಅವಳ ಮುಖದಲ್ಲಿ ಅದೂ ಇರ್ಲಿಲ್ಲ. ಅಮ್ಮನಿಗೆ ಇದನ್ನ ಹೇಳಿ. ಥೈರಾಯ್ಡ್, ವಿಟಮಿನ್ ಬಿ12 ಟೆಸ್ಟ್ ಆಗಿದ್ಯಾ ಅಂತಾನೂ ಡಾಕ್ಟ್ರನ್ನ ಕೇಳಿ, ಅವು ಏರುಪೇರಾದ್ರೂ ಹೀಗಾಗ್ಬಹುದು.

ಮುಖ್ಯವಾಗಿ, ಸಾಯೋ ಯೋಚನೆ ಬರುತ್ತಾ ಅಂತ ನಿಮ್ಮ ತಮ್ಮನನ್ನ ನೇರವಾಗೇ ಕೇಳಿ, ಕೇಳಿದ್ರೆ ತಲೆಗೆ ಹುಳ ಬಿಟ್ಟಂಗಾಗುತ್ತೆ ಅನ್ನೋದು ಸುಳ್ಳು, ಅದ್ರಲ್ಲೂ ಚಿಕ್ಕ ವಯಸ್ಸಿನವರಿಗೆ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಬೇಕು. ಹೌದು ಅಂದ್ರೆ ಒಬ್ಬನೇ ಬಿಡ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ, ರಾತ್ರಿ ಹೊತ್ತಲ್ಲೂ ಕನ್ನಡದಲ್ಲೇ ಮಾತಾಡ್ಬಹುದು, ನೀವು ಸುಸ್ತಾಗಿದ್ರೆ ನೀವೂ ಮಾಡಿ.