ಅದು ಮೇಪಲ್ ಬೀಜ ಅಲ್ಲ ಅನ್ಸುತ್ತೆ

ಅಮೆರಿಕದ ಕೊಲರಾಡೋದ ಫ್ಲಾರಿಸೆಂಟ್‌ನಲ್ಲಿ ಸಿಕ್ಕ ಪಳೆಯುಳಿಕೆ ಕಲ್ಲಿನ ಫೋಟೋ ಹಾಕಿ, ಇದು ಮೇಪಲ್ ಬೀಜ ಆಗಿದ್ದರೆ ರೆಕ್ಕೆ ಯಾಕೆ ಒಂದೇ ಇದೆ ಅಂತ ಕೇಳಿದ್ದೀರಿ. ಒಂದೇ ಇರೋದು ದೊಡ್ಡ ವಿಷಯವಲ್ಲ, ಮೇಪಲ್ ಕಾಯಿ ಜೋಡಿಯಾಗಿ ಬೆಳೆದರೂ ಉದುರುವಾಗ ಎರಡು ಹೋಳಾಗುತ್ತದೆ. ನೀವು ನರಗಳನ್ನು ನೋಡಿ. ಮೇಪಲ್‌ನಲ್ಲಿ ಅವು ಒಂದು ಅಂಚಿಗೆ ಒತ್ತಾಗಿ ಸಾಗಿ, ಅಲ್ಲಿಂದ ಬಾಗಿ ಇನ್ನೊಂದು ಅಂಚಿನ ಕಡೆ ಹರಡುತ್ತವೆ. ನಿಮ್ಮದರಲ್ಲಿ ರೆಕ್ಕೆಯ ತುದಿ ಹತ್ತಿರ ಸಣ್ಣ ಕಚ್ಚು ಇದೆ, ನರಗಳೆಲ್ಲ ಅದರ ಕಡೆಗೇ ಓಡುತ್ತಿವೆ, ಅಲ್ವಾ? ಆ ಕಚ್ಚು ಹೂವಿದ್ದಾಗ ಪರಾಗ ಹಿಡಿಯುತ್ತಿದ್ದ ಜಾಗ.

ನನ್ನ ಪ್ರಕಾರ ಇದು ಸೆಡ್ರೆಲೋಸ್ಪರ್ಮಮ್. ಎಲ್ಮ್ ಮರದ ಕುಟುಂಬದ್ದು, ಆ ಕುಲವೇ ಈಗ ಭೂಮಿಯ ಮೇಲಿಲ್ಲ. ಫ್ಲಾರಿಸೆಂಟ್‌ನ ಸುಮಾರು 3.4 ಕೋಟಿ ವರ್ಷ ಹಳೆಯ ಪದರಗಳಲ್ಲಿ, ಅಂದರೆ ಜ್ವಾಲಾಮುಖಿಯ ಬೂದಿ ಬಿದ್ದ ಕೆರೆಯ ಕೆಸರಿನಲ್ಲಿ, ಇದು ಜಾಸ್ತಿ ಸಿಗುತ್ತದೆ. ಎಲೆ, ಕಾಯಿ ಎರಡೂ ಒಂದೇ ಕಡ್ಡಿಗೆ ಅಂಟಿಕೊಂಡ ಪಳೆಯುಳಿಕೆಗಳು ಸಿಕ್ಕಿದ್ದರಿಂದಲೇ ಮರದ ಗುರುತು ಗಟ್ಟಿಯಾಯಿತು. ನಮ್ಮ ತಪಸಿ ಮರವೂ ಇದೇ ಕುಟುಂಬ, ಆದರೆ ಅದರ ರೆಕ್ಕೆ ಬೀಜದ ಸುತ್ತ ದುಂಡಗೆ, ಹಪ್ಪಳದ ಹಾಗೆ.

ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಫೋಟೋ ಹಾಕಿ. ಬುಡದಲ್ಲಿ ಪುಟಾಣಿ ಎರಡನೇ ರೆಕ್ಕೆ ಕಂಡರೆ ಇದು ಸೆಡ್ರೆಲೋಸ್ಪರ್ಮಮ್ ಅನ್ನೋದರಲ್ಲಿ ಅನುಮಾನವೇ ಬೇಡ.