ಗರ್ಭಿಣಿಯರಿಗೆ ಪದೇ ಪದೇ ತಲೆನೋವು ಯಾಕೆ ಬರುತ್ತದೆ? ಮಾತ್ರೆ ತೆಗೆದುಕೊಳ್ಳಬಹುದಾ?

ಮೊದಲ ಮೂರು ತಿಂಗಳಲ್ಲಿ ಬರುವ ತಲೆನೋವು ಹೆಚ್ಚಾಗಿ ಅಪಾಯದ್ದಲ್ಲ. ಹಾರ್ಮೋನುಗಳು ಏರುತ್ತವೆ, ಮೈಯಲ್ಲಿ ರಕ್ತ ಜಾಸ್ತಿಯಾಗುತ್ತಾ ಹೋಗುತ್ತದೆ, ಅದಕ್ಕೆ ಜಾಗ ಕೊಡಲು ರಕ್ತನಾಳಗಳು ಹಿಗ್ಗುತ್ತವೆ, ಇದಕ್ಕೆಲ್ಲ ದೇಹ ಹೊಂದಿಕೊಳ್ಳುವಾಗ ತಲೆ ನೋಯುತ್ತದೆ. ಅದರ ಮೇಲೆ ವಾಂತಿ, ಖಾಲಿ ಹೊಟ್ಟೆ, ಅರ್ಧಂಬರ್ಧ ನಿದ್ದೆ. ಇನ್ನೊಂದು ಕಾರಣ ಹಲವರ ಗಮನಕ್ಕೇ ಬರುವುದಿಲ್ಲ: ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಿದ್ದವರು ವಾಸನೆಗೇ ವಾಕರಿಕೆ ಬರುತ್ತದೆ ಅಂತ ಒಮ್ಮೆಲೇ ಬಿಟ್ಟರೆ, ಮರುದಿನವೇ ತಲೆ ಭಾರ ಶುರುವಾಗಬಹುದು.

ನೋವು ಬಂದಾಗ ಮೊದಲು ದೊಡ್ಡ ಲೋಟ ನೀರು ಅಥವಾ ಮಜ್ಜಿಗೆ ಕುಡಿದು, ಏನಾದರೂ ತಿನ್ನಿ. ಆಮೇಲೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಣೆ ಮೇಲಿಟ್ಟುಕೊಂಡು, ಕಿಟಕಿಯ ಪರದೆ ಎಳೆದು, ಅರ್ಧ ಗಂಟೆ ಮಲಗಿ. ತಗ್ಗದಿದ್ದರೆ ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್. ಅದನ್ನೂ ಡಾಕ್ಟರ್ ಹೇಳಿದಷ್ಟೇ ತಗೊಳ್ಳಿ. ಐಬುಪ್ರೊಫೆನ್ ಬೇಡ, ಅದರಲ್ಲೂ 20 ವಾರದ ನಂತರ ಅದು ಮಗುವಿನ ಕಿಡ್ನಿಗೆ ತೊಂದರೆ ಮಾಡಬಹುದು. ಅಂಗಡಿಯವರು ಸುಮ್ನೆ ಕೊಡುವ ಮಾತ್ರೆಯಲ್ಲಿ ಅದೇ ಇರಬಹುದು, ಮಾತ್ರೆಯ ಸ್ಟ್ರಿಪ್ ಹಿಂಭಾಗ ಓದಿ.

ಆದರೆ 20 ವಾರ ದಾಟಿದ ಮೇಲೆ ಜೋರು ತಲೆನೋವು ಬಂದು, ಕಣ್ಣು ಮಂಜಾದರೆ, ಮುಖ ಊದಿದರೆ, ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರುವ ಗಂಭೀರ ತೊಂದರೆ ಇರಬಹುದು. ಬಿಪಿ 140/90 ಮುಟ್ಟಿದರೂ ಅಷ್ಟೇ. ರಾತ್ರಿಯಾದರೂ ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲೂ ಇದು ಬರಬಹುದು, ಬಾಣಂತಿಯ ತಲೆನೋವನ್ನು ಬರೀ ಶೀತ ಅಂತ ಬಿಡಬೇಡಿ.